ಟ್ಯಾಬ್ ಬದಲಾಯಿತು, ಪುಟ ಬದಲಾಗಲಿಲ್ಲ

ಒಪ್ಪಂದದ ಕರಡುಗಳನ್ನು ಪರಿಶೀಲಿಸುವ ಒಬ್ಬರು ಒಮ್ಮೆ ಗಾಬರಿಯಿಂದ ನನ್ನನ್ನು ಕರೆದರು. ಎರಡೂ ಪಿಡಿಎಫ್ ಫೈಲು. ಹಳೆ ಕರಡು ಒಂದು ಟ್ಯಾಬ್‌ನಲ್ಲಿತ್ತು, ಹೊಸದು ಪಕ್ಕದ ಟ್ಯಾಬ್‌ನಲ್ಲಿ. ಕಂಟ್ರೋಲ್ ಮತ್ತು ಟ್ಯಾಬ್ ಕೀ ಒತ್ತುತ್ತಾ, ಅತ್ತಿಂದಿತ್ತ ಓಡಾಡುತ್ತಾ ಒಂದೊಂದೇ ಕಲಂ ಹೋಲಿಸುತ್ತಿದ್ದರು. “ಸರ್, ಏಳನೇ ಕಲಂ ಬದಲಾಗಿಲ್ಲ ಅಂತ ಬರೆದುಬಿಟ್ಟಿದ್ದೆ. ಸ್ವಲ್ಪ ಸ್ಕ್ರಾಲ್ ಮಾಡಿ ನೋಡಿದ್ರೆ ಬದಲಾಗಿದೆ!” ಅಂದರು.

ಪಕ್ಕದಲ್ಲಿ ಕೂತು ನೋಡಿದೆ. ಟ್ಯಾಬ್ ಬದಲಾದರೂ ಪುಟದ ಕೆಳಗಿನ ಕಾಲು ಭಾಗ ಹಳೆ ಫೈಲಿನದೇ ಉಳಿಯುತ್ತಿತ್ತು. ಎರಡೂ ಫೈಲಿನ ಅಂಚು, ಅಕ್ಷರ, ಸಾಲಿನ ಅಂತರ ಎಲ್ಲ ಒಂದೇ. ಎಲ್ಲಿಂದ ಹಳೆಯದು ಶುರುವಾಗಿದೆ ಅಂತ ಕಣ್ಣಿಗೆ ಗೊತ್ತಾಗುತ್ತಲೇ ಇರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಪುಟ ಖಾಲಿ ಬಂದರೆ, ಕಪ್ಪು ಚೌಕ ಕಂಡರೆ ಯಾರಾದರೂ ಎಚ್ಚರಾಗುತ್ತಾರೆ. ಹಳೆ ಪುಟ ಅಚ್ಚುಕಟ್ಟಾಗಿ ಕೂತಿದ್ದರೆ ಓದುವವರು ಅದನ್ನೇ ನಂಬುತ್ತಾರೆ, ಅಲ್ವಾ?

ಹೀಗೇಕಾಗುತ್ತದೆ ಅನ್ನುವುದು ಗೊತ್ತಿದ್ದರೆ ಹುಡುಕಾಟ ಅರ್ಧ ಮುಗಿದಂತೆ. ಪಿಡಿಎಫ್‌ನಲ್ಲಿ ಪುಟ ಅಂದರೆ ಸಾಮಾನ್ಯವಾಗಿ ಸಿದ್ಧ ಚಿತ್ರವಲ್ಲ. ‘ಈ ಅಕ್ಷರ ಇಲ್ಲಿಡು, ಈ ಗೆರೆ ಅಲ್ಲಿಂದ ಎಳೆ’ ಅನ್ನುವಂಥ ಸೂಚನೆಗಳ ಪಟ್ಟಿ ಅದು. ಅಳತೆ ಇಂಚಿಗೆ 72 ಪಾಯಿಂಟ್. ಆ ಸೂಚನೆ ಓದಿ ನಿಮ್ಮ ಪರದೆಗೆ ಬೇಕಾದ ಚಿತ್ರ ಬರೆಯುವುದು ವ್ಯೂವರ್‌ನ, ಅಂದರೆ ಪಿಡಿಎಫ್ ತೆರೆದು ತೋರಿಸುವ ಪ್ರೋಗ್ರಾಂನ ಕೆಲಸ. ಇಂಚಿಗೆ 96 ಚುಕ್ಕಿಯ ಲೆಕ್ಕದಲ್ಲಿ ಒಂದು ಎ4 ಪುಟ 100% ಗಾತ್ರದಲ್ಲಿ ಸುಮಾರು 794 ಅಗಲ, 1123 ಎತ್ತರದ ಚಿತ್ರವಾಗುತ್ತದೆ. ಚುಕ್ಕಿಗೆ 4 ಬೈಟ್ ಅಂದರೆ ಸುಮಾರು 3.6 ಎಂಬಿ. ಜೂಮ್ 400% ಮಾಡಿದರೆ ಅದರ 16 ಪಟ್ಟು, ಸುಮಾರು 57 ಎಂಬಿ. ಒಂದೇ ಪುಟಕ್ಕೆ!

ಪ್ರತಿ ಸಲ ಇಷ್ಟನ್ನೂ ಹೊಸದಾಗಿ ಬರೆಯುತ್ತಾ ಕೂತರೆ ಆಗುವುದಿಲ್ಲ. ಅದಕ್ಕೇ ಎಷ್ಟೋ ವ್ಯೂವರ್‌ಗಳು ಪುಟವನ್ನು ತುಂಡು ತುಂಡಾಗಿ ಬರೆದು, ಬರೆದದ್ದನ್ನು ಮೆಮೊರಿಯಲ್ಲಿ ಎತ್ತಿಟ್ಟುಕೊಳ್ಳುತ್ತವೆ. ನೀವು ಟ್ಯಾಬ್ ಬದಲಿಸಿದಾಗ ಆ ತುಂಡುಗಳು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಿ ಪರದೆ ಸೇರುತ್ತವೆ. ‘ಈ ಜಾಗ ಹಳೆಯದಾಯಿತು, ಮತ್ತೆ ಬರಿ’ ಅನ್ನುವ ಸಂದೇಶ ದಾರಿಯಲ್ಲಿ ಎಲ್ಲಾದರೂ ತಪ್ಪಿಹೋದರೆ ಹಿಂದಿನ ಫೈಲಿನ ತುಂಡು ಅಲ್ಲೇ ಕೂತಿರುತ್ತದೆ.

ಹಾಗಾಗಿ ಸೆಟ್ಟಿಂಗ್ ಮುಟ್ಟುವ ಮೊದಲು ನಾನು ಮಾಡುವುದು ಒಂದೇ ಕೆಲಸ: ಜೂಮ್ ಸ್ವಲ್ಪ ಬದಲಿಸುತ್ತೇನೆ. 100 ಇದ್ದದ್ದು 110 ಆದರೆ ಸಾಕು. ಹೊಸ ಗಾತ್ರಕ್ಕೆ ಹಳೆ ತುಂಡು ಹೊಂದುವುದಿಲ್ಲ, ವ್ಯೂವರ್ ಮತ್ತೆ ಬರೆಯಲೇಬೇಕು. ಪುಟ ಸರಿಯಾಯಿತೇ? ಹಾಗಿದ್ದರೆ ಫೈಲನ್ನು ಅನುಮಾನಿಸುವ ಅಗತ್ಯ ಬಹುತೇಕ ಇಲ್ಲ. ಎಷ್ಟು ಜೂಮ್ ಮಾಡಿದರೂ ಅದೇ ಜಾಗದಲ್ಲಿ ಅದೇ ದೋಷ ಕಂಡರೆ ಫೈಲನ್ನೇ ನೋಡಬೇಕು. ಆಗ ಅದನ್ನು ಬೇರೆ ವ್ಯೂವರ್‌ನಲ್ಲಿ ತೆರೆಯಿರಿ. ಒಂದು ಮಾತು ನೆನಪಿರಲಿ, ಬೇರೆ ಅಂದರೆ ಪುಟ ಬರೆಯುವ ಒಳಗಿನ ಎಂಜಿನ್ ಬೇರೆ ಇರಬೇಕು. ಕ್ರೋಮ್‌ನಲ್ಲಿರುವುದು ಪಿಡಿಎಫಿಯಂ, ಫೈರ್‌ಫಾಕ್ಸ್‌ನಲ್ಲಿ ಪಿಡಿಎಫ್.ಜೆಎಸ್, ಸುಮಾತ್ರಾ ಅನ್ನುವ ವ್ಯೂವರ್‌ನಲ್ಲಿ ಮ್ಯೂಪಿಡಿಎಫ್. ಓಕ್ಯುಲರ್ ಮತ್ತು ಎವಿನ್ಸ್ ಅನ್ನುವ ವ್ಯೂವರ್‌ಗಳೆರಡರದ್ದೂ ಪಾಪ್ಲರ್, ಹಾಗಾಗಿ ಅವೆರಡೂ ಒಂದೇ ತರಹ ತೋರಿಸಿದರೆ ಅದು ಎರಡು ಸಾಕ್ಷಿ ಆಗುವುದಿಲ್ಲ.

ಇನ್ನೊಂದು ಪರೀಕ್ಷೆ ಸ್ಕ್ರೀನ್‌ಶಾಟ್. ದೋಷ ಕಾಣುತ್ತಿರುವಾಗಲೇ ತೆಗೆದು ಫೋನಿನಲ್ಲಿ ನೋಡಿ. ಅದರಲ್ಲೂ ಕಂಡರೆ ಮಾನಿಟರ್, ಕೇಬಲ್ ಬಿಚ್ಚುವ ತೊಂದರೆ ತಗೋಬೇಡಿ.

ಆ ದಿನ ಜೂಮ್ ಬದಲಿಸಿದ ಕೂಡಲೇ ಪುಟ ಸರಿಹೋಯಿತು. ಅದಕ್ಕೂ ಮುಂಚೆ ತೆಗೆದಿದ್ದ ಸ್ಕ್ರೀನ್‌ಶಾಟ್‌ನಲ್ಲಿ ಹಳೆ ತುಂಡು ಸ್ಪಷ್ಟವಾಗಿತ್ತು. ಅವರು ಬಳಸುತ್ತಿದ್ದದ್ದು ಅಡೋಬಿ ರೀಡರ್. ಕಂಟ್ರೋಲ್ ಜೊತೆ ಕೆ ಒತ್ತಿದರೆ ಪ್ರಿಫರೆನ್ಸಸ್ ತೆರೆಯುತ್ತದೆ, ಅಲ್ಲಿ ಪೇಜ್ ಡಿಸ್‌ಪ್ಲೇ. ಅದರೊಳಗೆ ಯಂತ್ರಕ್ಕೆ ಬೆಂಬಲವಿದ್ದರೆ ‘ಯೂಸ್ 2ಡಿ ಗ್ರಾಫಿಕ್ಸ್ ಆಕ್ಸಲರೇಷನ್’ ಅಂತ ಇರುತ್ತದೆ, ಅಂದರೆ ಪುಟ ಬರೆಯಲು ಗ್ರಾಫಿಕ್ಸ್ ಕಾರ್ಡ್‌ನ ನೆರವು ಪಡೆಯುವ ಆಯ್ಕೆ. ಅದರ ಟಿಕ್ ತೆಗೆದು, ರೀಡರ್ ಮುಚ್ಚಿ ತೆರೆದೆ. ಇಪ್ಪತ್ತು ಸಲ ಟ್ಯಾಬ್ ಬದಲಿಸಿದರೂ ಹಳೆ ಪುಟದ ನೆರಳು ಬರಲಿಲ್ಲ. ಅಲ್ಲೇ ‘ಯೂಸ್ ಪೇಜ್ ಕ್ಯಾಶ್’ ಅಂತ, ಬರೆದ ಪುಟ ಎತ್ತಿಟ್ಟುಕೊಳ್ಳುವ ಆಯ್ಕೆಯೂ ಸಿಗಬಹುದು. ಎರಡನ್ನೂ ಒಟ್ಟಿಗೆ ತೆಗೆಯಬೇಡಿ, ಯಾವುದರಿಂದ ಸರಿಯಾಯಿತು ಅಂತ ಆಮೇಲೆ ತಿಳಿಯುವುದಿಲ್ಲ. ಬ್ರೌಸರ್‌ನಲ್ಲಿ ಓದುವವರಿಗೆ ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಇಂಥದೇ ಒಂದು ಸ್ವಿಚ್ ಇದೆ.

ಆದರೆ ಆಕ್ಸಲರೇಷನ್ ಟಿಕ್ ತೆಗೆದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ದೊಡ್ಡ ನಕ್ಷೆ, ಸ್ಕ್ಯಾನ್ ಮಾಡಿದ ಪುಟಗಳು ಇದ್ದಾಗ ಸ್ಕ್ರಾಲ್ ಎಳೆದಾಡುತ್ತದೆ. ತಪ್ಪು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್ ನಡೆಸುವ ಡ್ರೈವರ್ ಅನ್ನುವ ತಂತ್ರಾಂಶದ್ದು. ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡ್ರೈವರ್ ಮರುಶುರುವಾಗುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮರಳುತ್ತದೆ, ತೆರೆದ ಫೈಲುಗಳು ಹಾಗೇ ಇರುತ್ತವೆ. ಇದರಿಂದ ಸ್ವಲ್ಪ ಹೊತ್ತು ಸರಿಯಾಗಿ ಮತ್ತೆ ಕೆಟ್ಟರೆ ಡ್ರೈವರನ್ನು ಅಪ್‌ಡೇಟ್ ಮಾಡಿ, ಆಮೇಲೆ ಟಿಕ್ ವಾಪಸ್ ಹಾಕಿ ನೋಡಿ.

ಎಲ್ಲವೂ ಗ್ರಾಫಿಕ್ಸ್ ಕಾರ್ಡ್‌ನ ತಲೆಗೆ ಕಟ್ಟುವಂತಿಲ್ಲ. ಒಂದು ಮಾನಿಟರ್ 100%, ಇನ್ನೊಂದು 150% ಸ್ಕೇಲಿಂಗ್‌ನಲ್ಲಿದ್ದರೆ (ಪರದೆಯ ಮೇಲಿನದನ್ನು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್ ಅದು) ಆಚೆ ಎಳೆದ ಕಿಟಕಿಯ ಅಕ್ಷರ ಮಬ್ಬಾಗಬಹುದು. ಕಿಟಕಿ ಮುಚ್ಚಿ ಅದೇ ಮಾನಿಟರ್‌ನಲ್ಲಿ ತೆರೆದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಅಕ್ಷರಗಳೇ ಅದಲುಬದಲಾದರೆ ಫಾಂಟ್ ನೋಡಿ. ರೀಡರ್‌ನಲ್ಲಿ ಕಂಟ್ರೋಲ್ ಜೊತೆ ಡಿ ಒತ್ತಿ, ಫಾಂಟ್ಸ್ ಪಟ್ಟಿಯಲ್ಲಿ ಹೆಸರಿನ ಮುಂದೆ ಎಂಬೆಡೆಡ್ (ಫೈಲಿನೊಳಗೇ ಸೇರಿಸಿದ್ದು) ಅಂತ ಇಲ್ಲದಿದ್ದರೆ ವ್ಯೂವರ್ ನಿಮ್ಮ ಕಂಪ್ಯೂಟರಿನಲ್ಲಿ ಸಿಕ್ಕ ಫಾಂಟನ್ನು ತಂದು ಹಾಕಿರುತ್ತದೆ. ಅಂಥ ಫೈಲನ್ನು ಕಳಿಸಿದವರೇ ಸರಿಮಾಡಿ ಕಳಿಸಬೇಕು.

ಒಂದು ಟ್ಯಾಬ್‌ನ ಫೈಲು ಇನ್ನೊಂದು ಪ್ರೋಗ್ರಾಂನಿಂದ ಆಗಷ್ಟೇ ಸೇವ್ ಆಗುತ್ತಿದ್ದರೂ ಪುಟ ಖಾಲಿ ಬರಬಹುದು. ಯಾವ ವಸ್ತು ಎಲ್ಲಿದೆ ಅನ್ನುವ ಸೂಚಿಯ ವಿಳಾಸ ಪಿಡಿಎಫ್‌ನಲ್ಲಿ ಫೈಲಿನ ಕೊನೆಗಿರುತ್ತದೆ. ಕೊನೆ ಬರೆದು ಮುಗಿಯುವ ಮುಂಚೆ ಓದಿದರೆ ವ್ಯೂವರ್‌ಗೆ ದಾರಿ ಸಿಗುವುದಿಲ್ಲ. ನೆಟ್‌ವರ್ಕ್ ಡ್ರೈವ್‌ನಲ್ಲಿರುವ ಫೈಲಿಗೂ ಸಂಪರ್ಕ ಕಡಿದಾಗ ಇದೇ ಗತಿ. ನಿಮ್ಮ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ತೆರೆಯಿರಿ.

ಹೋಲಿಸಿ ಓದುವವರಿಗೆ ನನ್ನ ಸಲಹೆ, ಟ್ಯಾಬ್ ಬಿಟ್ಟು ಎರಡು ಕಿಟಕಿ ಪಕ್ಕಪಕ್ಕ ಇಟ್ಟುಕೊಳ್ಳಿ. ರೀಡರ್‌ನ ಪ್ರಿಫರೆನ್ಸಸ್‌ನಲ್ಲಿ ಜನರಲ್ ಒಳಗೆ, ಫೈಲುಗಳನ್ನು ಒಂದೇ ಕಿಟಕಿಯ ಟ್ಯಾಬ್‌ಗಳಾಗಿ ತೆರೆಯುವ ಆಯ್ಕೆಯ ಟಿಕ್ ತೆಗೆದು, ರೀಡರ್ ಮುಚ್ಚಿ ತೆರೆದರೆ ಸಾಕು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವ ಪ್ರಸಂಗವೇ ಕಡಿಮೆಯಾಗುತ್ತದೆ.

ಅವರಿಗೂ ಹಾಗೇ ಮಾಡಿಕೊಟ್ಟೆ. ಆಮೇಲೆ ಇಬ್ಬರೂ ಕೂತು ಮೊದಲ ಕಲಮಿನಿಂದ ಮತ್ತೆ ಹೋಲಿಸಿದೆವು. ಏಳನೆಯದರ ಜೊತೆ ಹನ್ನೊಂದನೆಯದೂ ಬದಲಾಗಿತ್ತು.