ನೀಲಗಿರಿಯನ್ನು ನುಂಗಿದ ನೀಲಗಿರಿ

ನಮ್ಮ ಭಾಷೆಯ ತಮಾಷೆ ನೋಡಿ. ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ನಾವಿಟ್ಟ ಹೆಸರು ‘ನೀಲಗಿರಿ’. ಅಸಲು ನೀಲಗಿರಿ ಬೆಟ್ಟದ ಹುಲ್ಲುಗಾವಲನ್ನು ನುಂಗಿದ ಮರಗಳಲ್ಲಿ ಅದೂ ಒಂದು.

ಆ ಬೆಟ್ಟಗಳಲ್ಲಿ ಬಿಲ ತೋಡಿ ಬದುಕುವ ಪುಟ್ಟ ಇಲಿಯೊಂದಿದೆ. ಕೂನೂರಿನಲ್ಲಿ ಸಿಕ್ಕ ಮಾದರಿ ನೋಡಿ 1898ರಲ್ಲಿ ಪ್ರಾಣಿವಿಜ್ಞಾನಿ ಬೊನ್‌ಹೋಟ್ ಅದಕ್ಕೆ ‘ಮಸ್ ಫಾಮ್ಯುಲಸ್’ ಎಂದು ಹೆಸರಿಟ್ಟ. ಫಾಮ್ಯುಲಸ್ ಎಂದರೆ ಸೇವಕ, ಯಾರ ಸೇವಕನೋ! ನಮ್ಮ ಅಡುಗೆಮನೆಯ ಇಲಿಯ ಉಪಕುಲಕ್ಕೇ ಇದು ಸೇರಿದ್ದೆಂದು 2003ರ ಡಿಎನ್‌ಎ ಅಧ್ಯಯನ ತೋರಿಸಿತು. ಆ ದಾಯಾದಿ ಹಡಗು ಹತ್ತಿ ಲೋಕವನ್ನೇ ಸುತ್ತಿತು. ಇದು ಬೆಟ್ಟ ಬಿಟ್ಟು ಇಳಿಯದೆ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ.

‘ಹೋದದ್ದು ಹುಲ್ಲೇ ತಾನೆ, ಮರ ನೆಟ್ಟರೆ ಒಳ್ಳೆಯದಲ್ಲವೇ?’ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಕಾಡು ಕಡಿದದ್ದರಿಂದ ಗುಡ್ಡ ಬೋಳಾಯಿತು ಎಂಬ ನಂಬಿಕೆ ಇದರ ಬೇರು. ಅದನ್ನು ಕಿತ್ತು ತೋರಿಸಿದ್ದು ಜೌಗು ಮಣ್ಣು.

ಗಾಳಿಯಲ್ಲಿ ಹಗುರ ಇಂಗಾಲವೂ ಇದೆ, ತುಸು ಭಾರದ ಇಂಗಾಲವೂ ಇದೆ. ಮರದ ಎಲೆಯಲ್ಲಿರುವ ರುಬಿಸ್ಕೊ ಎಂಬ ಕಿಣ್ವ ಸಂತೆಯಲ್ಲಿ ಬದನೆಕಾಯಿ ಆರಿಸುವ ಅಜ್ಜಿಯಂತೆ: ಹಗುರವಾದುದನ್ನು ಬುಟ್ಟಿಗೆ ಹಾಕಿ, ಭಾರದ್ದನ್ನು ಆದಷ್ಟು ಬಿಡುತ್ತದೆ. ರಾಗಿ, ಜೋಳ, ಕಬ್ಬಿನಂಥ, ‘ಸಿ-4’ ಎಂಬ ಗುಂಪಿನ ಹುಲ್ಲುಗಳಲ್ಲಿ ಈ ಚೌಕಾಸಿ ನಡೆಯುವುದಿಲ್ಲ. ಅಲ್ಲಿ ಇನ್ನೊಂದು ಕಿಣ್ವ ಸಿಕ್ಕ ಇಂಗಾಲವನ್ನೆಲ್ಲ ಒಳಕೋಣೆಗೆ ದೂಡುತ್ತದೆ. ಇಡೀ ಚೀಲವನ್ನು ಅಜ್ಜಿಯ ಮುಂದೆ ಸುರಿದು, ‘ಆರಿಸುವ ಹಾಗಿಲ್ಲ’ ಎಂದಂತೆ. ಹಾಗಾಗಿ ಹುಲ್ಲಿನ ಮೈಯಲ್ಲಿ ಭಾರದ ಇಂಗಾಲ ಹೆಚ್ಚು. ಸತ್ತ ಗಿಡಗಳು ಜೌಗಿನಲ್ಲಿ ಪದರಪದರವಾಗಿ ಕೂತು ಅಂಗಡಿಯ ಲೆಕ್ಕದ ಪುಸ್ತಕವಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಪುಸ್ತಕ ಓದಿ 1993ರಲ್ಲಿ ವರದಿ ಮಾಡಿದರು: 20 ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲಿತ್ತು. ಗರಗಸ ಹುಟ್ಟುವುದಕ್ಕೂ ಮೊದಲು!

ಬ್ರಿಟಿಷರಿಗೆ ಆ ಹುಲ್ಲುಗಾವಲು ಬರಿದೇ ಬಿದ್ದ ಜಾಗವಾಗಿ ಕಂಡಿತು. ಸೌದೆಗೆಂದು 1843ರಲ್ಲಿ ನೀಲಗಿರಿ ಮರ ಬಂತು, ಚರ್ಮ ಹದಮಾಡುವ ತೊಗಟೆಗೆಂದು ವಾಟಲ್ ಎಂಬ ಇನ್ನೊಂದು ಮರ ಬಂತು, ಚಹಾ ತೋಟ ಬಂತು. ಸ್ವಾತಂತ್ರ್ಯಾನಂತರವೂ ನೆಡುವುದು ನಿಲ್ಲಲಿಲ್ಲ.

ಕಡಿದುಹಾಕಿದರಾಯಿತಲ್ಲ ಎನ್ನುವಿರೇನೋ. ವಾಟಲ್ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಮರ ಉರುಳಿ ನೆಲಕ್ಕೆ ಬಿಸಿಲು ತಾಗಿದರೆ ಸಾಕು, ಹುಲ್ಲು ತಲೆಯೆತ್ತುವ ಮೊದಲೇ ಅದು ಮೊಳೆತು ನಿಂತಿರುತ್ತದೆ.