ಊರಿನ ಒಡೆತನದ ವಿದ್ಯುತ್ ಸಂಸ್ಥೆಗಳಿಗೆ ಅನುದಾನ: ಅಮೆರಿಕದ 2021ರ ಮೂಲಸೌಕರ್ಯ ಕಾಯ್ದೆ

ಅಮೆರಿಕದಲ್ಲಿ ನಗರಾಡಳಿತಗಳೂ ಸ್ಥಳೀಯ ಸಾರ್ವಜನಿಕ ಮಂಡಳಿಗಳೂ ನಡೆಸುವ ವಿದ್ಯುತ್ ಸಂಸ್ಥೆಗಳು ಸುಮಾರು 2,000 ಇವೆ. ಲಾಸ್ ಏಂಜಲೀಸಿನಂಥ ಕೆಲವು ದೊಡ್ಡ ನಗರಗಳನ್ನು ಬಿಟ್ಟರೆ ಹೆಚ್ಚಿನವು ಚಿಕ್ಕವು. ಅನುದಾನದ ಅರ್ಜಿ ಬರೆಯಲೆಂದೇ ಒಬ್ಬರನ್ನು ನೇಮಿಸಿಕೊಳ್ಳುವ ಶಕ್ತಿ ಹಲವಕ್ಕಿಲ್ಲ. ಇಂಥವರಿಗೆ ನೆರವಾಗಬಯಸುವವರು ಕಾಯ್ದೆಯೊಳಗೆ ಚಿಕ್ಕ ಸಂಸ್ಥೆಗಳಿಗೆಂದೇ ಬರೆದಿರುವ ಸಾಲುಗಳನ್ನು ಮೊದಲು ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

2021ರ ನವೆಂಬರ್ 15ರಂದು ಸಹಿಯಾದ ಈ ಕಾಯ್ದೆಯ 40101ನೇ ಸೆಕ್ಷನ್, ಬಿರುಗಾಳಿ, ಕಾಳ್ಗಿಚ್ಚು ಮೊದಲಾದವುಗಳಿಂದ ವಿದ್ಯುತ್ ಜಾಲವನ್ನು ಕಾಪಾಡಲು 2022ರಿಂದ 2026ರವರೆಗಿನ ಐದು ಆರ್ಥಿಕ ವರ್ಷಗಳಿಗೆ 500 ಕೋಟಿ ಡಾಲರ್ ಗೊತ್ತುಪಡಿಸಿತು. ಇದರ ಅರ್ಧವನ್ನು ಇಂಧನ ಇಲಾಖೆ ಸ್ಪರ್ಧೆಯ ಮೂಲಕ ನೇರವಾಗಿ ಹಂಚಬೇಕು. ಉಳಿದರ್ಧ ಒಂದು ಸೂತ್ರದಂತೆ ರಾಜ್ಯಗಳಿಗೂ ಮೂಲನಿವಾಸಿ ಬುಡಕಟ್ಟುಗಳಿಗೂ ಹೋಗಿ, ಅಲ್ಲಿಂದ ಸಂಸ್ಥೆಗಳಿಗೆ ತಲುಪಬೇಕು. ನೇರ ಸ್ಪರ್ಧೆಯಲ್ಲಿ, ವರ್ಷಕ್ಕೆ 40 ಲಕ್ಷ ಮೆಗಾವ್ಯಾಟ್ ಗಂಟೆಗಿಂತ ಹೆಚ್ಚು ಮಾರದ ಸಂಸ್ಥೆಗಳಿಗೆ 30% ಹಣ ಮೀಸಲು. ರಾಜ್ಯದ ಪಾಲಿನಲ್ಲಿಯೂ ಇಂಥ ಸಂಸ್ಥೆಗಳಿಗೆ ಅವುಗಳ ಗ್ರಾಹಕರ ಪ್ರಮಾಣಕ್ಕೆ ಕಡಿಮೆಯಿಲ್ಲದಷ್ಟು ಸಲ್ಲಬೇಕು.

ಓದುವಾಗ ಬಹಳ ಮಂದಿ ಎಡವುವುದು ಸ್ವಂತ ಪಾಲಿನ ಲೆಕ್ಕದಲ್ಲಿ. ದೊಡ್ಡ ಸಂಸ್ಥೆ ಅನುದಾನದಷ್ಟೇ ಮೊತ್ತವನ್ನು ತಾನೂ ಹಾಕಬೇಕು. ಚಿಕ್ಕದು ಅನುದಾನದ ಮೂರನೇ ಒಂದು ಭಾಗ ಹಾಕಿದರೆ ಸಾಕು. ಗಮನಿಸಿ, ಈ ಮೂರನೇ ಒಂದು ಭಾಗ ಅನುದಾನದ್ದು, ಯೋಜನೆಯ ಒಟ್ಟು ವೆಚ್ಚದ್ದಲ್ಲ. ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸಕ್ಕೆ 12 ಲಕ್ಷ ಡಾಲರ್ ಬೇಕೆಂದುಕೊಳ್ಳೋಣ: ಚಿಕ್ಕ ಸಂಸ್ಥೆಗೆ 9 ಲಕ್ಷ ಅನುದಾನ, 3 ಲಕ್ಷ ಸ್ವಂತದ್ದು, ದೊಡ್ಡದಕ್ಕೆ 6 ಲಕ್ಷ, 6 ಲಕ್ಷ. ಒಟ್ಟು ವೆಚ್ಚದ ಮೇಲೆ ಲೆಕ್ಕ ಹಾಕಿ 4 ಲಕ್ಷ ಹೊಂದಿಸಲಾಗದೆಂದು ಚಿಕ್ಕ ಊರೊಂದು ಹಿಂದೆ ಸರಿದರೆ, ಅದು ತಪ್ಪು ಎಣಿಕೆಯಿಂದಾದ ನಷ್ಟ.

ನೇರ ಸ್ಪರ್ಧೆಗೆ ಇನ್ನೊಂದು ಕಟ್ಟುಪಾಡಿದೆ. ಹಿಂದಿನ ಮೂರು ವರ್ಷಗಳಲ್ಲಿ ವಿದ್ಯುತ್ ಪೂರೈಕೆಯ ಅಡಚಣೆಗಳನ್ನು ತಗ್ಗಿಸಲು ಸಂಸ್ಥೆ ತಾನೇ ಖರ್ಚುಮಾಡಿದ್ದಕ್ಕಿಂತ ಹೆಚ್ಚಿನ ಅನುದಾನ ಸಿಗುವುದಿಲ್ಲ. ಹೀಗಾಗಿ ಕಂಬ ಬದಲಿಸಿದ್ದು, ಮಾರ್ಗದ ಬದಿಯ ಮರಗಳ ಕೊಂಬೆ ಕಡಿಸಿದ್ದು ಮುಂತಾದ ವೆಚ್ಚಗಳನ್ನು ಸಾಮಾನ್ಯ ನಿರ್ವಹಣೆಯ ಲೆಕ್ಕದಲ್ಲಿ ಕರಗಿಸಿಬಿಡದೆ ಬೇರೆಯಾಗಿಯೇ ಬರೆದಿಟ್ಟಿರಬೇಕು. ಹೊಸ ವಿದ್ಯುತ್ ಉತ್ಪಾದನಾ ಘಟಕಕ್ಕೆ ಈ ಹಣ ಬಳಸುವಂತಿಲ್ಲ. ಸೈಬರ್ ಭದ್ರತೆಗೂ ಬಳಸುವಂತಿಲ್ಲ. ಅದಕ್ಕೆ 40124ನೇ ಸೆಕ್ಷನ್ನಿನಲ್ಲಿ 25 ಕೋಟಿ ಡಾಲರಿನ ಬೇರೆ ಏರ್ಪಾಡಿದೆ.

ನೋಂದಣಿಯ ವಿಷಯ ಚಿಕ್ಕದಾದರೂ ಅದಿಲ್ಲದೆ ಮುಂದಕ್ಕೆ ದಾರಿಯಿಲ್ಲ. ಅನುದಾನ ಬೇಡುವವರು ಹೆಸರು ದಾಖಲಿಸಿಕೊಳ್ಳುವ, ಒಕ್ಕೂಟ ಸರ್ಕಾರದ ‘ಸ್ಯಾಮ್’ (SAM) ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ 12 ಅಕ್ಷರಾಂಕಗಳ ಗುರುತು ಪಡೆದು, ನೋಂದಣಿಯನ್ನು ಪ್ರತಿವರ್ಷ ನವೀಕರಿಸಬೇಕು. ಅರ್ಜಿಯ ಕರೆ ಬಂದ ಮೇಲೆ ಇದಕ್ಕೆ ಕೈಹಾಕಿದರೆ ಗಡುವಿನೊಳಗೆ ಮುಗಿಯದೆ ಹೋಗಬಹುದಾದ್ದರಿಂದ, ಯಾವ ಅನುದಾನವೂ ಕಣ್ಣಿಗೆ ಬೀಳದಿರುವಾಗಲೇ ಇದನ್ನು ಮಾಡಿಸಿಡುವುದು ಒಳ್ಳೆಯದು.