ಗಾಜಿಗೆ ಬಣ್ಣ ಹಚ್ಚುವ ಮೊದಲು ಒಮ್ಮೆ ತಿರುಗಿ ನೋಡಿ

ಮುಂಬಯಿಯ ಮಾಟುಂಗದಲ್ಲಿ ನಾನು ನಡೆಸುವ ಭಾನುವಾರದ ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ಲೋವರ್ ಪರೇಲ್‌ನ ಗಾಜಿನ ಕಟ್ಟಡವೊಂದನ್ನು ಜಲವರ್ಣದಲ್ಲಿ ಬರೆದು ತಂದಿದ್ದಳು. ಕಿಟಕಿಗಳೆಲ್ಲ ಒಂದೇ ನೀಲಿ. "ಸರ್, ಎಷ್ಟು ಮಾಡಿದ್ರೂ ಗಾಜಿನ ಹಾಗೆ ಕಾಣ್ತಾ ಇಲ್ಲ" ಅಂದಳು. ಮುಂದಿನ ವಾರ ಅದೇ ಫುಟ್‌ಪಾತಿಗೆ ಹೋದೆವು. ಕಟ್ಟಡಕ್ಕೆ ಬೆನ್ನು ಮಾಡಿ ನಿಲ್ಲಮ್ಮಾ ಅಂದೆ. ಎದುರಿಗೆ ಹಳೇ ಮಿಲ್ಲಿನ ಚಿಮಣಿ, ಮಾಸಿದ ಸಾಲುಮನೆಗಳ ಚಾಳು, ಒಂದಿಷ್ಟು ಆಕಾಶ. ಅವಳು ಬರೆಯಬೇಕಾಗಿದ್ದದ್ದು ಅದನ್ನು.

ಸಾದಾ ಗಾಜನ್ನು ನೇರವಾಗಿ ನೋಡಿದರೆ ಅದು ಸುಮಾರು ಶೇ. 8ರಷ್ಟು ಬೆಳಕನ್ನು ಮಾತ್ರ ವಾಪಸ್ ಕಳಿಸುತ್ತದೆ. ಓರೆಯಾಗಿ ನೋಡಿದಷ್ಟೂ ಕನ್ನಡಿಯಾಗುತ್ತಾ ಹೋಗುತ್ತದೆ. ಅದಕ್ಕೇ ಕೆಳಗಿನ ಅಂಗಡಿಯ ಗಾಜಿನಲ್ಲಿ ಒಳಗಿನ ದೀಪ ಕಾಣುತ್ತದೆ, ಕತ್ತೆತ್ತಿ ನೋಡುವ ಮೇಲಿನ ಮಹಡಿಗಳಲ್ಲಿ ಬರೀ ಆಕಾಶ.

ಇನ್ನು ಗಾಜಿನಲ್ಲಿ ಕಾಣುವ ಚಿಮಣಿಯ ಪ್ರತಿಬಿಂಬವನ್ನೇ ನೋಡಿ. ಒಂದು ಗಾಜಿನಿಂದ ಪಕ್ಕದ ಗಾಜಿಗೆ ದಾಟುವಾಗ ಅದು ತುಂಡಾಗುತ್ತದೆ, ಚೂರು ಜರುಗುತ್ತದೆ, ಒಮ್ಮೊಮ್ಮೆ ಉಬ್ಬುತ್ತದೆ. ಗಾಜುಗಳೆಲ್ಲ ಒಂದೇ ಮಟ್ಟಕ್ಕೆ ಕೂತಿರುವುದಿಲ್ಲ ಅಲ್ವಾ? 'ಇದು ಗಾಜು' ಅಂತ ನೋಡುವವರಿಗೆ ಹೇಳುವುದು ಈ ಜರುಗಿದ ಅಂಚು. ಇಡೀ ಚಿತ್ರದಲ್ಲಿ ನನಗೆ ತುಂಬಾ ಇಷ್ಟದ ಜಾಗವೂ ಇದೇ.

ಬಣ್ಣದ ಆಯ್ಕೆಯಲ್ಲೂ ಎಚ್ಚರ ಬೇಕು. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬೆರೆಸಿದರೆ ಕಣ ಕಣವಾಗಿ ಕಾಗದದ ಗುಳಿಗಳಲ್ಲಿ ಕೂರುತ್ತದೆ. ಫೋರ್ಟ್ ಪ್ರದೇಶದ ರಾಜಾಬಾಯಿ ಟವರ್‌ನಂಥ ಕಲ್ಲಿನ ಗೋಡೆಗೆ ಇದು ವರ. ಗಾಜಿಗೆ ಹಚ್ಚಿದರೆ ಗಾಜೂ ಕಲ್ಲಾಗುತ್ತದೆ. ಅಲ್ಲಿಗೆ ಥ್ಯಾಲೋ ಬ್ಲೂ ಒಳ್ಳೆಯದು, ನುಣ್ಣಗೆ ಹರಡುತ್ತದೆ. ಆದರೆ ಅದು ಕಾಗದವನ್ನು ಕಚ್ಚಿಕೊಳ್ಳುತ್ತದೆ, ಆಮೇಲೆ ಒರೆಸಿ ತೆಗೆಯುತ್ತೇನೆ ಅಂದರೆ ಬರುವುದಿಲ್ಲ. ಬಿಸಿಲು ಹೊಳೆಯುವ ಚೌಕಗಳನ್ನು ಮೊದಲೇ ಬಿಳಿ ಬಿಟ್ಟುಬಿಡಿ. ಉಳಿದದ್ದಕ್ಕೆಲ್ಲ ಕಿಟಕಿಗಳ ಲೆಕ್ಕ ಇಡದೆ ಒಂದೇ ತೆಳು ಲೇಪ ಕೊಡಿ. ಅದು ಒದ್ದೆ ಇರುವಾಗಲೇ ಕೆಳಭಾಗಕ್ಕೆ ಚಾಳಿನ ಕಂದು ಸೇರಲಿ. ಎದುರಿನ ಗೋಡೆ ಎಷ್ಟೇ ಬೆಳ್ಳಗಿದ್ದರೂ ಗಾಜಿನೊಳಗೆ ಅದನ್ನು ಒಂದು ಛಾಯೆ ಮಂಕಾಗಿ ಹಾಕಿ. ಚಿಮಣಿಯ ತುಂಡುಗಳು ಒಣಗಿದ ಮೇಲೆ, ಚೂಪು ಅಂಚಿನಲ್ಲಿ.

ಮುಂಬಯಿಯ ಜುಲೈ ತಿಂಗಳಲ್ಲಿ ಈ 'ಒಣಗಿದ ಮೇಲೆ' ಅನ್ನುವುದೇ ದೊಡ್ಡ ಪರೀಕ್ಷೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಟನ್ ಕಾಗದ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ. ಅವಸರ ಮಾಡಿದರೆ ನೀರು ನುಗ್ಗಿ ಹೂಕೋಸಿನಂಥ ಕಲೆ ಎದ್ದುಬಿಡುತ್ತದೆ. ಅಂಗೈ ಹಿಂಭಾಗ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಕಾಯಬೇಕು.

ಚೌಕಟ್ಟಿನ ಗೆರೆಗಳು ಕೊನೆಗೆ, ಅದೂ ಅಲ್ಲೊಂದು ಇಲ್ಲೊಂದು. ಮೊದಲ ಚಿತ್ರದಲ್ಲಿ ಆ ಹುಡುಗಿ ಸ್ಕೇಲ್ ಹಿಡಿದು ನಲವತ್ತಕ್ಕೂ ಜಾಸ್ತಿ ಗೆರೆ ಎಳೆದಿದ್ದಳು. ಹೊಸದರಲ್ಲಿ ಒಂಬತ್ತೇ ಇವೆ. ಚಿಮಣಿ ಮೂರು ತುಂಡಾಗಿ ನಿಂತಿದೆ.